ಹೂವಿನ ದಾರ ಅಳೆದ ಕಾಲುಗಳು

ಕಳೆದ ಶ್ರಾವಣದಲ್ಲಿ ಒಂದು ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಪವಿತ್ರಳ ಫೋನು ಬಂತು. ನಾನು ನಿವೃತ್ತಿಯಾದ ಆಸ್ಪತ್ರೆಗೆ ಹೊಸದಾಗಿ ಸೇರಿರುವ ನರ್ಸು ಅವಳು. ಸೇರಿ ಇನ್ನೂ ಮೂರು ತಿಂಗಳಾಗಿಲ್ಲ, ಏನಾದರೂ ಅನುಮಾನ ಬಂದರೆ ನನಗೇ ಫೋನು.

"ಮೇಡಂ, ಇಲ್ಲೊಬ್ರು ಬಾಣಂತಿ ಬಂದವ್ರೆ. ಜೊತೆಗೆ ಬಂದಿರೋ ಅತ್ತೆ ಕೈಯಲ್ಲಿ ಒಂದು ದಾರ ಐತೆ, ಹೂವು ಕಟ್ಟೋ ದಾರ. ಅದ್ರಲ್ಲಿ ಎರಡು ಗಂಟು. ಇದನ್ನ ಡಾಕ್ಟ್ರಿಗೆ ಕೊಡಿ ಅಂತಾರೆ. ಮಾಟಗೀಟ ಏನಾದ್ರೂನಾ ಮೇಡಂ? ಮುಟ್ಬೋದಾ?"

ಅವಳ ಹಿಂದೆ ಯಾರೋ ಕಿಸಕ್ಕನೆ ನಕ್ಕಿದ್ದು ಕೇಳಿಸಿತು. ನನಗೆ ಸಿಟ್ಟೂ ಬಂತು, ನಗುವೂ ಬಂತು.

"ನಗೋದು ಆಮೇಲೆ. ಆ ಬಾಣಂತಿನ ನಡೆಸ್ಬೇಡ, ಗಾಲಿ ಕುರ್ಚಿ ಮೇಲೆ ಕೂರಿಸು. ಟೇಪು ತಗೊಂಡು ಎರಡೂ ಮೀನಖಂಡ ಅಳೆದು ಡಾಕ್ಟರನ್ನ ಕರಿ. ಆಮೇಲೆ ನನಗೆ ಫೋನ್ ಮಾಡು" ಎಂದು ಹೇಳಿ ಇಟ್ಟೆ.

ಆ ದಾರದ ಕಥೆ ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ. ಅದನ್ನು ಹೇಳಬೇಕಾದರೆ ನಾನು ಮಾಡಿದ ಎರಡು ತಪ್ಪುಗಳನ್ನೂ ಹೇಳಬೇಕು. ಪವಿತ್ರಳಂಥ ಹುಡುಗಿಯರು ಓದಲಿ ಎಂದೇ ಇದನ್ನು ಬರೆಯುತ್ತಿದ್ದೇನೆ. ನಾನು ಕೆಲಸ ಮಾಡಿದ ಆಸ್ಪತ್ರೆಗಳ ಹೆಸರು ಬರೆಯುವುದಿಲ್ಲ. ತಪ್ಪು ನನ್ನದು, ಕಟ್ಟಡದ್ದಲ್ಲ.

ನನ್ನ ಹೆಸರು ಸರೋಜಮ್ಮ. ಊರು ಬೂದಿಕೋಟೆಯ ಹತ್ತಿರ. ಕೆಲಸಕ್ಕೆ ಸೇರಿದ್ದು ಕೆ.ಜಿ.ಎಫ್.ನಲ್ಲಿ, ಗಣಿಯ ಸೈರನ್ನು ಇನ್ನೂ ಕೂಗುತ್ತಿದ್ದ ಕಾಲದಲ್ಲಿ. ಅಲ್ಲಿ ನಮ್ಮ ದೊಡ್ಡ ಡಾಕ್ಟರಿಗೆ ಒಂದು ವಿಚಿತ್ರ ಅಭ್ಯಾಸವಿತ್ತು. ಯಾರೇ ಎದುರಿಗೆ ಬಂದರೂ ಮುಖ ನೋಡುತ್ತಿರಲಿಲ್ಲ, ಮೊದಲು ಪಾದ ನೋಡುತ್ತಿದ್ದರು. ಹಳ್ಳಿಯವರು ಅವರಿಗೆ ಬಹಳ ನಾಚಿಕೆ ಎಂದುಕೊಂಡಿದ್ದರು. "ಡಾಕ್ಟ್ರು ಚಪ್ಲಿ ನೋಡ್ತಾರೆ, ಒಳ್ಳೇದು ಆಕ್ಕೊಂಡೋಗು" ಎಂದು ಸೊಸೆಗೆ ಹೇಳಿ ಕಳಿಸಿದ ಅತ್ತೆಯನ್ನು ನಾನೇ ಕಂಡಿದ್ದೇನೆ. ಅವರು ನೋಡುತ್ತಿದ್ದದ್ದು ಕಾಲಿನ ಊತವನ್ನು, ಬಣ್ಣವನ್ನು, ಉಬ್ಬಿದ ನರಗಳನ್ನು. ನಮ್ಮ ಕಡೆ ರಕ್ತನಾಳಕ್ಕೂ ನರ ಎಂದೇ ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ.

ನನ್ನನ್ನು ಡ್ರೆಸಿಂಗ್ ರೂಮಿಗೆ ಹಾಕಿದರು. ಅಲ್ಲಿಗೆ ಬರುವವರಲ್ಲಿ ಅರ್ಧ ಜನ ಕಾಲಿನ ಹುಣ್ಣಿನವರು. ಪಾದದ ಗಂಟಿನ ಮೇಲೆ, ಒಳಮಗ್ಗುಲಿಗೆ, ಅಂಗೈಯಗಲ ಹುಣ್ಣು, ಸುತ್ತ ಕಪ್ಪಗಾದ ಚರ್ಮ, ಮೇಲೆ ಹಾವಿನ ಮರಿಗಳು ಮಲಗಿದ ಹಾಗೆ ನರ. ವರ್ಷಗಟ್ಟಲೆ ನಿಂತು ದುಡಿದ ಕಾಲುಗಳು. ಹೋಟೆಲಿನಲ್ಲಿ ದೋಸೆ ಹುಯ್ಯುವವರು, ಇಸ್ತ್ರಿ ಹಾಕುವವರು, ಗಣಿಯಲ್ಲಿ ಮೆಷಿನ್ನು ಹಿಡಿದವರು.

ಚಾಂಪಿಯನ್ ರೀಫ್ಸ್ ಗಣಿ ಕಾಲೊನಿಯಿಂದ ತಂಗವೇಲು ತಾತ ಬರುತ್ತಿದ್ದರು. ನೆಲದಡಿಯಲ್ಲಿ ನೀರು ಎತ್ತುವ ಪಂಪಿನ ಮುಂದೆ ಇಪ್ಪತ್ತೈದು ವರ್ಷ ನಿಂತವರು. ಮನೆಮಾತು ತಮಿಳು, ನನಗೋಸ್ಕರ ಕನ್ನಡ. ನಾನು ಕಟ್ಟಿದ ಮೊದಲ ಬ್ಯಾಂಡೇಜು ಅವರ ಕಾಲಿಗೇ. ಬಿಚ್ಚಿ ಹೋಗಬಾರದು ಎಂದು ಮಂಡಿಯ ಕೆಳಗೆ ಬಿಗಿಯಾಗಿ, ಪಾದದ ಹತ್ತಿರ ಸಡಿಲವಾಗಿ ಸುತ್ತಿ, ಅಂದವಾಗಿ ಪಿನ್ನು ಹಾಕಿ ಹೆಮ್ಮೆಪಟ್ಟುಕೊಂಡೆ. ಒಂದು ಗಂಟೆಯಲ್ಲಿ ತಾತ ಕುಂಟುತ್ತಾ ವಾಪಸ್ಸು ಬಂದರು. ಬೆರಳೆಲ್ಲ ನೇರಳೆ ಹಣ್ಣಿನ ಬಣ್ಣ.

"ಎನ್ನಮ್ಮಾ ಸಿಸ್ಟರ್, ಇದು ಕಾಲಾ, ಇಲ್ಲಾ ರಾಗಿ ಮೂಟೆನಾ? ಬಾಯಿ ಕಟ್ಟಿ ಕಳಿಸಿದ್ದೀಯೇ!"

ದೊಡ್ಡ ಡಾಕ್ಟರು ಬೈಯಲಿಲ್ಲ. ಏಳು ಸಲ ಬಿಚ್ಚಿಸಿ ಏಳು ಸಲ ಕಟ್ಟಿಸಿದರು. ಬೆರಳ ಬುಡದಿಂದ ಶುರು, ಪಾದದ ಗಂಟಿನ ಹತ್ತಿರ ಬಿಗಿ, ಮೇಲಕ್ಕೆ ಹೋದ ಹಾಗೆ ಸಡಿಲ. ಏಕೆ ಹಾಗೆ ಎಂದು ನನಗೆ ಅರ್ಥವಾಗುವಂತೆ ಹೇಳಿದ್ದು ಮಾತ್ರ ತಾತ.

"ಬಾವಿಗೆ ಮೋಟಾರ್ ಇಡ್ತಾರಲ್ಲಮ್ಮಾ, ಪೈಪ್ ತುದೀಲಿ ಫುಟ್ ವಾಲ್ ಇರುತ್ತಲ್ಲ? ಮೇಲೆ ಹೋದ ನೀರು ಕೆಳಗೆ ಬರ್ದಂಗೆ ತಡೀತದೆ. ಕಾಲ್ ನರದಲ್ಲೂ ಅಂಗೇ ಸಣ್ಣ ಸಣ್ಣ ವಾಲ್ ಅದೆ ಅಂತ ಡಾಕ್ಟರ್ ಹೇಳ್ದಾರ್. ನನ್ನ ವಾಲ್ ಎಲ್ಲಾ ಪೋಚ್, ಕೆಟ್ಟೋಯ್ತು. ರಕ್ತ ಕೆಳಗೇ ನಿಕ್ಕುತ್ತೆ, ಮೇಲೆ ಏರಲ್ಲ. ನಿನ್ನ ಪಟ್ಟಿ ಕೆಳಗಿಂದ ಮೇಲಕ್ಕೆ ತಳ್ಳಬೇಕು, ಪುರಿಂಜದಾ, ಅರ್ಥ ಆಯ್ತಾ?"

ನರ್ಸಿಂಗ್ ಶಾಲೆಯಲ್ಲಿ ಮೂರು ವರ್ಷ ಓದಿದ್ದಕ್ಕಿಂತ ಈ ಫುಟ್ ವಾಲಿನ ಪಾಠ ನನಗೆ ಹೆಚ್ಚು ನಿಂತಿತು. ಆಮೇಲೆ ನಾನು ಎಷ್ಟೋ ರೈತರಿಗೆ ಇದನ್ನೇ ಹೇಳಿದ್ದೇನೆ. ಮೋಟಾರು ಇಟ್ಟವರಿಗೆ ಎರಡನೇ ಸಲ ಹೇಳಬೇಕಾಗಿ ಬಂದಿಲ್ಲ.

ದೊಡ್ಡ ಡಾಕ್ಟರು ಇನ್ನೊಂದು ಮಾತು ಹೇಳುತ್ತಿದ್ದರು. "ಕಣ್ಣಿಗೆ ಕಾಣೋ ಈ ನರಗಳು ಕಾಟ ಕೊಡ್ತಾವೆ ಕಣಮ್ಮ, ಹುಣ್ಣು ಮಾಡ್ತಾವೆ. ಪ್ರಾಣಕ್ಕೆ ಬರೋದು ಸಾಮಾನ್ಯವಾಗಿ ಒಳಗಿರೋದು. ಆಳದ ನರದಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಕಿತ್ತುಕೊಂಡು ಮೇಲೆ ಹೋಗಿ ಶ್ವಾಸಕೋಶದಲ್ಲಿ ಸಿಕ್ಕಿಕೊಂಡರೆ ಉಸಿರೇ ನಿಲ್ಲುತ್ತೆ. ಒಂದೇ ಕಾಲು ಊದಿದೆ ಅಂದರೆ ನನ್ನನ್ನ ಕರಿ. ನಾನು ಊಟಕ್ಕೆ ಕೂತಿದ್ದರೂ ಕರಿ." ನಾನು ಹೂಂ ಸಾರ್, ಹೂಂ ಸಾರ್ ಎಂದು ತಲೆಯಾಡಿಸುತ್ತಿದ್ದೆ.

ಇನ್ನು ನಮ್ಮಮ್ಮನ ವಿಷಯ. ಅಮ್ಮನ ಹೆಸರು ಮುನೆಮ್ಮ. ನಮ್ಮೂರಿನಲ್ಲಿ, ಸುತ್ತಲಿನ ನಾಲ್ಕಾರು ಹಳ್ಳಿಗಳಲ್ಲಿ ಎಣ್ಣೆ ಮುನೆಮ್ಮ ಅಂದರೇ ಗುರುತು. ಹೆರಿಗೆಯಾದವರ ಮನೆಗೆ ಹೋಗಿ ಹರಳೆಣ್ಣೆ ಬಿಸಿ ಮಾಡಿ ಬಾಣಂತಿಯ ಮೈಕಾಲು ತಿಕ್ಕಿ, ಹಂಡೆಯ ನೀರು ಹುಯ್ದು, ಮಗುವಿಗೂ ನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು ಬರುತ್ತಿದ್ದಳು. ಅವಳ ಕೈ ಅಷ್ಟು ಹದ. ಅಳುತ್ತಿದ್ದ ಕೂಸು ಅವಳ ಚಾಚಿದ ಕಾಲಮೇಲೆ ಮಲಗಿದರೆ ತೆಪ್ಪಗಾಗುತ್ತಿತ್ತು. ನಾನು ನರ್ಸು ಓದಲು ಹೋದಾಗ ಊರವರು, "ತಾಯಿ ಎಣ್ಣೆ ಡಾಕ್ಟ್ರು, ಮಗಳು ಸೂಜಿ ಡಾಕ್ಟ್ರು" ಎಂದು ರೇಗಿಸುತ್ತಿದ್ದರು. ಅಮ್ಮನಿಗೆ ಅದು ಬಲು ಖುಷಿ.

ಆಗಿನ ಬಾಣಂತನ ಹೇಗಿತ್ತು ಎಂದು ಈಗಿನವರಿಗೂ ಗೊತ್ತಿರಬೇಕು, ಏಕೆಂದರೆ ಅದು ಪೂರ್ತಿ ಹೋಗಿಲ್ಲ. ಕತ್ತಲೆ ಕೋಣೆ, ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಎದ್ದು ಓಡಾಡಕೂಡದು. ಎಲ್ಲಕ್ಕಿಂತ ದೊಡ್ಡ ಕಟ್ಟು, ನೀರು ಕುಡಿಯಕೂಡದು. ಕುಡಿದರೆ ಹೊಟ್ಟೆ ಬರುತ್ತದೆ, ನಂಜಾಗುತ್ತದೆ. ಒಂದು ಲೋಟ ನೀರಿಗೆ ಬಾಣಂತಿಯರು ಅಂಗಲಾಚುತ್ತಿದ್ದರು. ಮಲಗಿದ ಮೈ, ಒಣಗಿದ ರಕ್ತ. ಹೆಪ್ಪುಗಟ್ಟಲು ಇನ್ನೇನು ಬೇಕು?

ನಾನು ಕೆಲಸಕ್ಕೆ ಸೇರಿದ ಮೂರನೇ ವರ್ಷ ನಮ್ಮೂರಿನ ಗೌರಮ್ಮನ ಮಗಳು ನಾಗವೇಣಿ ನಮ್ಮ ಆಸ್ಪತ್ರೆಗೇ ಹೆರಿಗೆಗೆ ಬಂದಳು. ನನಗಿಂತ ಐದಾರು ವರ್ಷ ಚಿಕ್ಕವಳು, ನನ್ನ ಹಿಂದೆ ಹಿಂದೆ ಹುಣಸೆ ತೋಪಿಗೆ ಬರುತ್ತಿದ್ದವಳು. ಹೊಟ್ಟೆ ಕೊಯ್ದು ಮಗು ತೆಗೆದರು. ಹೆಣ್ಣು ಮಗು. ಒಂಬತ್ತನೇ ದಿನ ಮನೆಗೆ ಕಳಿಸುವಾಗ ಅವಳು ಮಂಚದ ತುದಿಯಲ್ಲಿ ಕೂತು, "ಅಕ್ಕ, ಈ ಕಾಲು ಒಂಥರಾ ಇಡ್ಕೊಂಡಂಗೈತೆ, ನಿಂತ್ರೆ ನೋಯ್ತೈತೆ" ಎಂದಳು.

ಆ ಹೊತ್ತಿಗೆ ವಾರ್ಡಿನಲ್ಲಿ ಇನ್ನೂ ನಾಲ್ಕು ಜನರನ್ನು ಕಳಿಸುವುದಿತ್ತು. ದೊಡ್ಡ ಡಾಕ್ಟರು ಆಪರೇಷನ್ನಿನಲ್ಲಿದ್ದರು. ನಾನು ಅವಳ ಸೀರೆಯ ಅಂಚನ್ನು ಒಂದು ಗೇಣು ಎತ್ತಿ ನೋಡಲಿಲ್ಲ.

"ಮಲಗಿ ಮಲಗಿ ಹಿಡ್ಕೊಂಡಿರುತ್ತೆ ಬಿಡು. ಊರಿಗೆ ಹೋದ್ಮೇಲೆ ನಮ್ಮಮ್ಮನ್ನ ಕರೆಸ್ಕೊ. ಚೆನ್ನಾಗಿ ತಿಕ್ಕಿದ್ರೆ ಸರಿಹೋಗುತ್ತೆ" ಎಂದೆ.

ಅವಳ ಕೇಸ್ ಶೀಟಿನಲ್ಲಿ 'ಬೇರೆ ತೊಂದರೆ ಇಲ್ಲ' ಎಂದು ಬರೆದೆ. ನನ್ನದೇ ದುಂಡು ಅಕ್ಷರ.

ಅಮ್ಮ ಹೋಗಿ ಎರಡು ದಿನ ತಿಕ್ಕಿದಳು. ಮೂರನೇ ಬೆಳಿಗ್ಗೆ ನಾಗವೇಣಿ ಬಚ್ಚಲಿಗೆ ಹೋಗಲು ಎದ್ದಳಂತೆ. ಎದೆ ಹಿಡಿದುಕೊಂಡು, ಉಸಿರು ಬರುತ್ತಿಲ್ಲ ಎಂದು ಬಾಗಿಲಲ್ಲೇ ಕುಸಿದಳಂತೆ. ಜೀಪಿನಲ್ಲಿ ಹಾಕಿಕೊಂಡು ಬಂಗಾರಪೇಟೆ ಮುಟ್ಟುವಷ್ಟರಲ್ಲಿ ಪ್ರಾಣ ಹೋಗಿತ್ತು.

ಸುದ್ದಿ ಕೇಳಿದ ದೊಡ್ಡ ಡಾಕ್ಟರು ಕೇಸ್ ಶೀಟು ತರಿಸಿ ನೋಡಿದರು. ಆಗ ಮಾತ್ರ ನನ್ನ ಪಾದ ನೋಡಲಿಲ್ಲ, ಮುಖ ನೋಡಿದರು.

"ಕಾಲು ನೋವು ಅಂದಳಾ?"

"ಹೂಂ ಸಾರ್."

"ನೋಡಿದೆಯಾ?"

"ಇಲ್ಲ ಸಾರ್."

"ಊರಲ್ಲಿ ಯಾರಾದರೂ ತಿಕ್ಕಿದರಾ?"

"ಗೊತ್ತಿಲ್ಲ ಸಾರ್" ಎಂದೆ. ಅದು ಸುಳ್ಳು.

ಅವರು ಕೇಸ್ ಶೀಟು ಮುಚ್ಚಿ, "ತಿಕ್ಕದೇ ಇದ್ದಿದ್ದರೂ ಹೋಗ್ತಿತ್ತೋ ಏನೋ, ಯಾರು ಹೇಳೋಕಾಗುತ್ತೆ. ಆದರೆ ಅಂಥ ಕಾಲನ್ನ ತಿಕ್ಕಬಾರದು, ಹೆಪ್ಪು ಕಿತ್ತುಕೊಳ್ಳಬಹುದು" ಎಂದರು. ಡ್ರಾಯರಿನಿಂದ ದರ್ಜಿಯವರು ಇಟ್ಟುಕೊಳ್ಳುವಂಥ ಬಟ್ಟೆಯ ಟೇಪು ತೆಗೆದು ಕೈಗಿಟ್ಟರು. "ಇನ್ನು ಮೇಲೆ ಅಳಿ. ಮಂಡಿಚಿಪ್ಪಿನ ಕೆಳಗಿನ ಮೂಳೆಯಿಂದ ಆರು ಬೆರಳು ಕೆಳಗೆ. ಎರಡೂ ಕಾಲು. ಯಾರು ಏನೇ ಅಂದರೂ ಅಳಿ." ಆ ಟೇಪು ನನ್ನ ಬಿಳಿ ಕೋಟಿನ ಜೇಬಿನಲ್ಲಿ ನಿವೃತ್ತಿಯ ದಿನದವರೆಗೂ ಇತ್ತು. ಅಂಕಿಗಳು ಅಳಿಸಿ ಹೋಗಿದ್ದವು, ನಾನು ಪೆನ್ನಿನಿಂದ ತಿದ್ದಿಕೊಂಡಿದ್ದೆ.

ಆ ವಾರ ಊರಿಗೆ ಹೋದೆ. ಅಮ್ಮ ತಾಯಿಯಿಲ್ಲದ ಆ ಕೂಸಿಗೆ ನೀರು ಹಾಕಿ ಬಂದಿದ್ದಳು. "ಎಂಥಾ ಮಗಾನಲೇ, ಎದೆ ಒಡೆದು ಓಗ್ಬಿಡ್ತಂತೆ. ಆ ಸಿವ ಎಂಗೆ ಮನಸ್ಸು ಮಾಡಿದ್ನೋ" ಎಂದು ಅತ್ತಳು. ನನ್ನ ಬಾಯಿಗೆ ಮಾತು ಬಂದಿತ್ತು. ಅವಳ ಕೈ ನೋಡಿದೆ. ನನ್ನನ್ನು ಸಾಕಿದ ಕೈ, ಎಷ್ಟೋ ಕೂಸುಗಳಿಗೆ ನೀರು ಹಾಕಿದ ಕೈ. ನಿನ್ನ ಕೈ ತಿಕ್ಕಿದ್ದರಿಂದ ಇರಬಹುದು ಎಂದು ಹೇಗೆ ಹೇಳಲಿ? ಸುಮ್ಮನಾದೆ. ಇದು ನನ್ನ ಎರಡನೇ ತಪ್ಪು. ಮೊದಲನೆಯದಕ್ಕಿಂತ ದೊಡ್ಡದು. ಅದು ನನಗೆ ಗೊತ್ತಾಗಲು ಇಪ್ಪತ್ತೆರಡು ವರ್ಷ ಹಿಡಿಯಿತು.

ಆಸ್ಪತ್ರೆಯಲ್ಲೇನೋ ನಾನು ಹುಲಿಯಾದೆ. ಆಪರೇಷನ್ ಆದವರನ್ನು ಮಾರನೇ ದಿನವೇ ಎಬ್ಬಿಸಿ ನಡೆಸುವುದು, ಬಾಣಂತಿಯರಿಗೆ ನೀರು ಕುಡಿಸುವುದು, ಕಾಲು ಅಳೆಯುವುದು. ಟೇಪ್ ಸಿಸ್ಟರ್ ಎಂದು ಹೆಸರೇ ಬಿತ್ತು. ನಡುವೆ ಬಂಗಾರಪೇಟೆ ಕಡೆಗೆ ವರ್ಗವಾಗಿ ಊರಿನ ಮನೆಯಿಂದಲೇ ಓಡಾಡತೊಡಗಿದೆ, ಪ್ರಮೋಷನ್ನೂ ಆಯಿತು, ಅದನ್ನು ಬಿಡಿ. ಕಾಲುಗಳು ಬದಲಾದವು. ಗಣಿ ಮುಚ್ಚಿದ ಮೇಲೆ ಮಾರಿಕುಪ್ಪಂ ಟ್ರೈನಿನಲ್ಲಿ ಬೆಂಗಳೂರಿಗೆ ನಿಂತು ಹೋಗಿ, ಅಲ್ಲಿ ದಿನವೆಲ್ಲ ನಿಂತು ಕೆಲಸ ಮಾಡಿ, ನಿಂತೇ ವಾಪಸ್ಸು ಬರುವವರು ಬರತೊಡಗಿದರು. ಬ್ಯಾಂಡೇಜಿನ ಜಾಗಕ್ಕೆ ಬಿಗಿಯಾದ ಉದ್ದನೆ ಕಾಲುಚೀಲ ಬಂತು. ಒಬ್ಬ ಸೆಕ್ಯೂರಿಟಿ ಗಾರ್ಡಿಗೆ ಅದನ್ನು ಕೊಟ್ಟು, ಬೆಳಿಗ್ಗೆ ಏಳುವ ಮೊದಲೇ ಹಾಕಿಕೊಳ್ಳಬೇಕು ಎಂದು ಹತ್ತು ಸಲ ಹೇಳಿ ಕಳಿಸಿದ್ದೆ. ತಿಂಗಳ ಮೇಲೆ ಬಂದ. ಹುಣ್ಣು ಹಾಗೇ ಇದೆ.

"ಕಾಲುಚೀಲ ಹಾಕ್ಕೊಂಡ್ಯೇನಪ್ಪ?"

"ಆಕ್ಕೊಂಡೆ ಸಿಸ್ಟರ್. ಭಾಳ ಬೆಚ್ಚಗೈತೆ. ಟ್ರೈನಲ್ಲಿ ಕಿಟಕಿ ಪಕ್ಕ ಗಾಳಿ ಒಡೀತೈತಲ್ಲ, ಎರಡೂ ಕೈಗೂ ಆಕ್ಕೊಂಡ್ ಓಯ್ತೀನಿ."

ಬೈಯಲು ಬಾಯಿ ತೆರೆದವಳು ನಕ್ಕು ಬಿಟ್ಟೆ. ಆಮೇಲೆ ಅವನನ್ನು ಬೆಂಚಿನ ಮೇಲೆ ಕೂರಿಸಿ ನಾನೇ ಹಾಕಿ ತೋರಿಸಿದೆ. ಹೇಳುವುದು ಬೇರೆ, ಮಾಡಿ ತೋರಿಸುವುದು ಬೇರೆ. ಇದನ್ನು ಹೊಸಬರು ಬರೆದಿಟ್ಟುಕೊಳ್ಳಿ.

ಹೀಗೆ ಆಸ್ಪತ್ರೆಗೆ ಬಂದವರಿಗೆಲ್ಲ ಹೇಳಿದವಳು ಮನೆಯಲ್ಲಿ ಮಾತ್ರ ಹೇಳಲಿಲ್ಲ. ನೇರವಾಗಿ ಹೇಳಲಾರದೆ ಅಡ್ಡದಾರಿ ಹಿಡಿಯುತ್ತಿದ್ದೆ. "ವಯಸ್ಸಾಯ್ತಲ್ಲಮ್ಮ, ಈ ಎಣ್ಣೆ ಕೆಲಸ ಬಿಟ್ಬಿಡು" ಅಂದರೆ, "ನಿಂಗೆ ರಿಟೈರ್ಮೆಂಟ್ ಆದಾಗ ನಂಗೂ ಆಯ್ತದೆ ತಗಾ" ಎನ್ನುತ್ತಿದ್ದಳು. ಅವಳು ಎಣ್ಣೆ ಬಟ್ಟಲು ಹಿಡಿದು ಹೊರಟಾಗೆಲ್ಲ ಬಾಗಿಲಿಗೆ ಬಂದು ನೋಡುತ್ತಾ ನಿಲ್ಲುತ್ತಿದ್ದೆ. ಸಂಜೆ ಅವಳು ನಗುತ್ತಾ ಬಂದರೆ ಸಮಾಧಾನವಾಗುತ್ತಿತ್ತು. ಇಷ್ಟೇ ನಾನು ಮಾಡಿದ್ದು.

ತಾಯಿ ಕಳೆದುಕೊಂಡ ಆ ಕೂಸು, ರೂಪ, ಅಜ್ಜಿ ಗೌರಮ್ಮನ ಕೈಯಲ್ಲಿ ಬೆಳೆದು, ಮದುವೆಯಾಗಿ, ಹೆರಿಗೆಗೆ ಅಜ್ಜಿಯ ಮನೆಗೇ ಬಂದಳು. ಕೋಲಾರದಲ್ಲಿ ಹೆರಿಗೆಯಾಗಿ ಮನೆಗೆ ಬಂದಿದ್ದಾಳೆಂದು ಕೇಳಿ, ನನ್ನ ರಜೆಯ ದಿನ ಮಗು ನೋಡಲು ಹೋದೆ. ಗೌರಮ್ಮ ಹಿತ್ತಲಲ್ಲಿ ಹಂಡೆಗೆ ಉರಿ ಹಾಕುತ್ತಿದ್ದಳು. ಕೋಣೆಯಲ್ಲಿ ರೂಪ ಚಾಪೆಯ ಮೇಲೆ. ಪಕ್ಕದಲ್ಲಿ ಅಮ್ಮ, ಬಿಸಿ ಎಣ್ಣೆ ಅಂಗೈಗೆ ಹುಯ್ದುಕೊಳ್ಳುತ್ತಿದ್ದಳು.

"ಬಾರೇ ಸರೋಜ. ಈ ಉಡುಗಿ ಕಾಲು ನೋಡು, ಎಂಗೆ ಊದ್ಕೊಂಡೈತೆ. ನಾಲ್ಕು ದಿನ ತಿಕ್ಕಿದ್ರೆ ಇಳೀತದೆ."

ಎಡಗಾಲು ಮಂಡಿಯ ಕೆಳಗೆ ಮಿರಮಿರ ಮಿಂಚುತ್ತಿತ್ತು. ಬಲಗಾಲು ಎಂದಿನಂತೆ ಇತ್ತು. ಮುಟ್ಟಿದೆ. ಬಿಸಿ. ಅಮ್ಮನ ಕೈ ಕೆಳಗಿಳಿಯುತ್ತಿತ್ತು.

"ಅಮ್ಮಾ, ಮುಟ್ಬೇಡ!"

"ಏನ್ಲೇ ಇಂಗೆ ಕಿರುಚ್ತೀಯ? ಎಳೆಕೂಸು ಬೆಚ್ಚಿಬೀಳಲ್ವಾ?"

"ಆ ಕಾಲು ತಿಕ್ಕಬಾರ್ದಮ್ಮ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು."

"ನಿಂದೊಂದು ಅತಿಯಾಯ್ತು. ನಿನ್ನ ಎತ್ತಿದ್ದಕ್ಕೂ ಮೊದ್ಲಿಂದ ತಿಕ್ತಾ ಇವ್ನಿ. ನನ್ ಕೈಯಾಗೆ ಎಷ್ಟು ಜನ ಎದ್ದು ಓಡಾಡವ್ರೆ, ಕೇಳು ಓಗು." ಎಂದವಳೇ ಮತ್ತೆ ಕೈ ಚಾಚಿದಳು.

ನಾನು ಅವಳ ಮಣಿಕಟ್ಟು ಹಿಡಿದೆ. ಎಣ್ಣೆಗೆ ಜಾರಿತು, ಮತ್ತೆ ಹಿಡಿದೆ. ಹುಟ್ಟಿದ ಮೇಲೆ ಅಮ್ಮನ ಕೈ ತಡೆದದ್ದು ಅದೇ ಮೊದಲು.

"ನಾಗವೇಣಿಗೂ ಹಿಂಗೇ ಒಂದು ಕಾಲು ನೋಯ್ತಿತ್ತಮ್ಮ" ಎಂದೆ.

ಅಮ್ಮ ನನ್ನ ಮುಖವನ್ನೇ ನೋಡಿದಳು. ರೂಪ ನಮ್ಮಿಬ್ಬರನ್ನೂ ನೋಡಿದಳು. ಅಮ್ಮ ಮೆಲ್ಲಗೆ ಕೈ ಬಿಡಿಸಿಕೊಂಡು, ಸೆರಗಿಗೆ ಎರಡೂ ಅಂಗೈ ಒರೆಸಿಕೊಂಡು, ಗೋಡೆಗೆ ಒರಗಿ ಕೂತಳು. ನಾನು ಆಂಬುಲೆನ್ಸಿಗೆ ಫೋನ್ ಮಾಡಿದೆ. ರೂಪಳನ್ನು ಏಳಗೊಡದೆ ಚಾಪೆಯ ಸಮೇತ ಎತ್ತಿಸಿದೆ. ಗೌರಮ್ಮ ಮಗುವನ್ನು ಅಪ್ಪಿಕೊಂಡು ಹತ್ತಿದಳು. ಕೋಲಾರದಲ್ಲಿ ಕಾಲಿಗೆ ಸ್ಕ್ಯಾನ್ ಮಾಡಿದರು. ತೊಡೆಯವರೆಗೂ ಹೆಪ್ಪಿತ್ತು. ಕೆಲವು ಮನೆತನಗಳಲ್ಲಿ ರಕ್ತ ಬೇಗ ಹೆಪ್ಪುಗಟ್ಟುತ್ತದೆ, ತಾಯಿಗೂ ಹೀಗೇ ಆಗಿತ್ತೇ ಎಂದು ಅಲ್ಲಿನ ಡಾಕ್ಟರು ಕೇಳಿದರು. ಗೌರಮ್ಮ ನನ್ನ ಕಡೆ ನೋಡಿದಳು. "ಆಗಿತ್ತು ಸಾರ್" ಎಂದು ನಾನೇ ಹೇಳಿದೆ.

ರಕ್ತ ಮತ್ತೆ ಹೆಪ್ಪುಗಟ್ಟದಂತೆ ಹೊಟ್ಟೆಗೆ ಇಂಜೆಕ್ಷನ್ನು ಶುರುವಾಯಿತು. ಎರಡು ದಿನ ನಾನು ಅವಳ ಉಸಿರನ್ನೇ ಎಣಿಸುತ್ತಾ ಕೂತೆ. ಕಾಲ ಬಳಿ ಕೂತು ಇಷ್ಟು ಹೆದರಿದ್ದು ಇನ್ನೆಂದೂ ಇಲ್ಲ. ಮೂರನೇ ದಿನ ಅವಳು ಮಗುವನ್ನು ಎದೆಗೆ ಹಾಕಿಕೊಂಡು, "ದೊಡ್ಡಮ್ಮ, ಅಸಿವಾಯ್ತೈತೆ, ಇಡ್ಲಿ ಸಿಕ್ತದಾ?" ಎಂದಾಗ ನಾನು ಹೊರಗೆ ಹೋಗಿ ಅತ್ತು, ಇಡ್ಲಿ ತಂದೆ.

ಮನೆಗೆ ಬಂದರೆ ಎಣ್ಣೆ ಬಟ್ಟಲು ಜಗಲಿಯ ಮೇಲೆ ಬೋರಲಾಗಿತ್ತು. ಅಮ್ಮ ಕನಕಾಂಬರ ಕಟ್ಟುತ್ತಾ ಕೂತಿದ್ದಳು. ತಲೆ ಎತ್ತಲಿಲ್ಲ.

"ಉಡುಗಿ ಎಂಗವ್ಳೆ?"

"ಚೆನ್ನಾಗವ್ಳೆ."

"ನಾಗವೇಣಿದು ಯಾವ ಕಾಲು?"

"ಎಡಗಾಲು ಅಂತ ನೆನಪು."

"ಊಂ. ಎಡಗಾಲೇ. ಆ ಕಾಲು ಬಿಸಿ ಇತ್ತು ಕಣೇ. ಇನ್ನೊಂದು ತಣ್ಣಗಿತ್ತು. ನನ್ ಕೈಗೆ ಗೊತ್ತಾಯ್ತು. ಎಣ್ಣೆ ಬಿಸಿ ಅಂದ್ಕೊಂಡೆ. ಬಿಸಿ ಇದ್ರೆ ಕೆಟ್ಟದ್ದು ಅಂತ ಯಾರೂ ನಂಗೆ ಯೋಳಿರ್ಲಿಲ್ಲ."

ನಾನು ಅವಳ ಪಕ್ಕ ಕೂತು ಎಲ್ಲ ಹೇಳಿದೆ. ನಿನ್ನ ಕೈಯಲ್ಲಿ ತಿಕ್ಕಿಸಿಕೋ ಎಂದು ನಾಗವೇಣಿಗೆ ಹೇಳಿದ್ದು ನಾನೇ, ಕಾಲು ನೋಡದೆ ಕಳಿಸಿದ್ದು ನಾನೇ, ನಿನಗೆ ನೋವಾಗುತ್ತೆ ಅಂತ ಮುಚ್ಚಿಟ್ಟೆ ಎಂದೆ. ಅಮ್ಮ ಅಳುತ್ತಾಳೆ ಎಂದುಕೊಂಡಿದ್ದೆ. ಅವಳಿಗೆ ಕೋಪ ಬಂತು.

"ನನ್ ಮನಸ್ಸು ನೋಯ್ತದೆ ಅಂತ ಸುಮ್ಕಿದ್ಯಾ? ನೀನು ಓದ್ದೋಳು. ನಂಗೆ ಒಂದು ಮಾತು ಯೋಳಿದ್ರೆ ಕೈ ಇಡಕ್ ಮುಂಚೆ ನೋಡ್ತಿರ್ಲಿಲ್ವೇನೇ? ಇಪ್ಪತ್ತೆರಡು ವರ್ಸ ತಿಕ್ಕಿದೀನಲ್ಲೇ ಸರೋಜ! ಅದ್ರಾಗೆ ಎಷ್ಟು ಕಾಲು ಬಿಸಿ ಇದ್ದವೋ, ಯಾರು ಎಲ್ಲೋದ್ರೋ, ನಾನು ಯಾರನ್ನ ಕೇಳ್ಲಿ?"

 

ರೂಪ ಆಸ್ಪತ್ರೆಯಿಂದ ಬಂದ ದಿನ ಅಮ್ಮ, "ಏಳು, ಓಗಿ ಗೌರಮ್ಮನ್ಗೆ ಯೋಳಾಣ" ಎಂದಳು. ಅವಳೇ ಮುಂದೆ ನಡೆದಳು. ಗೌರಮ್ಮನ ಮುಂದೆ ಕೂತು, ಸುತ್ತು ಬಳಸದೆ, "ಗೌರೀ, ನಿನ್ ಮಗಳ ಕಾಲ್ನಾಗೆ ಎಪ್ಪಿತ್ತಂತೆ. ನಾನು ಅದನ್ನ ತಿಕ್ಕಿದೆ. ಇವ್ಳು ತಿಕ್ಸು ಅಂದಿದ್ಲು. ನಮ್ಮಿಬ್ರದೂ ತಪ್ಪು" ಎಂದಳು.

ಬೈಯಲಿ, ಹೊಡೆಯಲಿ ಎಂದು ನಾನು ಕಾದೆ. ಗೌರಮ್ಮ ಅಮ್ಮನನ್ನಲ್ಲ, ನೆಲ ನೋಡುತ್ತಾ ಹೇಳಿದಳು.

"ಅವತ್ತು ಬೆಳಿಗ್ಗೆ ನೀರು ಕೇಳಿದ್ಲು ಮುನೆಮ್ಮ. ಒಂದು ಲೋಟ ಕೊಡಮ್ಮ, ನಾಲಿಗೆ ಅಂಟ್ಕೊಂತೈತೆ ಅಂದ್ಲು. ನಂಜಾಯ್ತದೆ ಸುಮ್ನೆ ಮಲಿಕ್ಕೋ ಅಂದೆ. ಬಾಯಾರ್ಕೊಂಡೇ ಓದ್ಲು ನನ್ ಮಗು."

ಮೂವರೂ ಒಂದೊಂದು ಮಾತನ್ನು ಎದೆಯಲ್ಲಿಟ್ಟುಕೊಂಡು, ಒಂದೇ ಬೀದಿಯಲ್ಲಿ, ದಿನಾ ಮುಖ ನೋಡಿಕೊಂಡು ಅಷ್ಟು ವರ್ಷ ಬದುಕಿದ್ದೆವು. ಗೌರಮ್ಮ ಎದ್ದಳು. ಒಳಗೆ ಹೋಗಿ ದೊಡ್ಡ ಚೊಂಬಿನ ತುಂಬ ನೀರು ತಂದು ರೂಪಳ ಕೈಗಿಟ್ಟು, "ಕುಡಿ. ಪೂರ್ತಿ ಕುಡಿ" ಎಂದಳು. ರೂಪ ಕುಡಿದು ಮುಗಿಸುವವರೆಗೆ ನಾವು ಮೂವರೂ ನೋಡುತ್ತಾ ಕೂತಿದ್ದೆವು.

ಅದಾದ ಮೇಲೆ ಅಮ್ಮ ಎರಡು ತಿಂಗಳು ಎಣ್ಣೆ ಮುಟ್ಟಲಿಲ್ಲ. ಒಂದು ದಿನ, "ಆ ಟೇಪಲ್ಲಿ ಏನು ನೋಡ್ತೀಯ, ತೋರ್ಸು" ಎಂದಳು. ನನ್ನ ಕಾಲ ಮೇಲೇ ತೋರಿಸಿದೆ. ಅವಳಿಗೆ ಅಂಕಿ ಬಾರದು. ಮಡಿಲಲ್ಲಿದ್ದ ಹೂವಿನ ದಾರ ಎಳೆದು ನನ್ನ ಒಂದು ಮೀನಖಂಡಕ್ಕೆ ಸುತ್ತಿ, ಕೂಡಿದ ಕಡೆ ಗಂಟು ಹಾಕಿದಳು. ಅದೇ ದಾರವನ್ನು ಅದೇ ತುದಿಯಿಂದ ಇನ್ನೊಂದಕ್ಕೆ ಸುತ್ತಿ, ಅಲ್ಲೊಂದು ಗಂಟು. ಎರಡು ಗಂಟುಗಳ ನಡುವೆ ಎಷ್ಟು ದೂರವಿದೆಯೋ ಅಷ್ಟು ಊತ. ನನ್ನ ಟೇಪಿಟ್ಟು ನೋಡಿದೆ. ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿದ್ದ ನಮ್ಮ ದೊಡ್ಡ ಡಾಕ್ಟರಿಗೆ ಫೋನಿನಲ್ಲಿ ಇದನ್ನು ಹೇಳಿದೆ. ಅವತ್ತು ಹೇಳಿದ ಸುಳ್ಳನ್ನೂ ಒಪ್ಪಿಕೊಂಡೆ. ಅವರು, "ನಾನು ನಿಮಗೆಲ್ಲ ಟೇಪು ಕೊಟ್ಟು ತಪ್ಪು ಮಾಡಿದೆ ಕಣಮ್ಮ, ಹಳ್ಳಿಗೆ ದಾರ ಕಳಿಸಬೇಕಿತ್ತು" ಎಂದರು.

ಅಮ್ಮ ಮತ್ತೆ ಹೊರಟಳು. ಈಗ ಅವಳದು ಬೇರೆ ಕ್ರಮ. ಬಾಣಂತಿ ಅವಳೆದುರಿಗೆ ಒಂದು ಚೊಂಬು ನೀರು ಕುಡಿಯಬೇಕು. ಆಮೇಲೆ ಎರಡೂ ಕಾಲಿಗೆ ಕೈಯ ಹಿಂಭಾಗ ಇಟ್ಟು ಬಿಸಿ ನೋಡುತ್ತಾಳೆ. ಆಮೇಲೆ ದಾರ. ಗಂಟುಗಳ ನಡುವೆ ಒಂದು ಬೆರಳಗಲ ಬಿಟ್ಟರೂ ಎಣ್ಣೆ ಇಲ್ಲ, ಆ ದಾರ ಹಿಡಿದು ಆಸ್ಪತ್ರೆಗೆ ನಡೆಯಿರಿ. ಗಂಟು ಒಂದಕ್ಕೊಂದು ಕೂಡಿದರೂ ಒಂದು ಕಾಲು ನೋಯುತ್ತಿದ್ದರೆ, ಬಿಸಿ ಇದ್ದರೆ ಆಗಲೂ ಅಷ್ಟೇ. ಏದುಸಿರೋ ಎದೆನೋವೋ ಇದ್ದರೆ ದಾರವನ್ನೇ ಹುಡುಕಬೇಡಿ, ಗಾಡಿ ಹುಡುಕಿ ಎನ್ನುತ್ತಾಳೆ. ಈಗ ಅವಳಿಗೆ ಎಂಬತ್ತು. ತಿಕ್ಕುವ ಶಕ್ತಿ ಇಲ್ಲ, ಆದರೂ ಕರೆದುಕೊಂಡು ಹೋಗಿ ಕಾಲು ಮುಟ್ಟಿಸಿಕೊಳ್ಳುತ್ತಾರೆ. ನಿಂತು ನಿಂತು ನನ್ನ ಕಾಲಲ್ಲೂ ನರ ಉಬ್ಬಿದೆ. ಸ್ನಾನಕ್ಕೆ ಮುಂಚೆ ನನಗೂ ದಾರ ಸುತ್ತಿ ನೋಡುತ್ತಾಳೆ. ನಾನು ಅರವತ್ತೆರಡು ವರ್ಷದವಳು ಎಂಬುದು ಅವಳಿಗೆ ಲೆಕ್ಕಕ್ಕೇ ಇಲ್ಲ.

ಪವಿತ್ರ ಮತ್ತೆ ಫೋನ್ ಮಾಡಿದ್ದು ಮಧ್ಯಾಹ್ನ ಮೂರಕ್ಕೆ. ಈ ಸಲ ಹಿಂದೆ ಯಾರೂ ನಗಲಿಲ್ಲ.

"ಮೇಡಂ, ಟೇಪಲ್ಲಿ ನಾಲ್ಕು ಸೆಂಟಿಮೀಟರ್ ಜಾಸ್ತಿ ಇತ್ತು. ಕೋಲಾರಕ್ಕೆ ಕಳಿಸಿದ್ವಿ, ಸ್ಕ್ಯಾನಲ್ಲಿ ಹೆಪ್ಪು ಸಿಕ್ಕಿದೆ. ಇಂಜೆಕ್ಷನ್ ಶುರು ಮಾಡವ್ರೆ, ಉಸಿರೆಲ್ಲ ಚೆನ್ನಾಗೈತಂತೆ." ಆಮೇಲೆ ಸ್ವಲ್ಪ ಸಂಕೋಚದಿಂದ ಕೇಳಿದಳು. "ಮೇಡಂ, ಆ ದಾರ ನನ್ನ ಟೇಬಲ್ ಮೇಲೇ ಐತೆ. ಏನ್ಮಾಡ್ಲಿ, ಬಿಸಾಕ್ಲಾ?"

ಬೆಳಿಗ್ಗೆ ಆ ಗಂಟುಗಳನ್ನು ಹಾಕಿ ಕಳಿಸಿದ್ದ ಅಮ್ಮ ಪಕ್ಕದಲ್ಲೇ ಹೂವು ಕಟ್ಟುತ್ತಾ ಕಿವಿ ಇತ್ತ ಕೊಟ್ಟಿದ್ದಳು. 'ಬೇರೆ ತೊಂದರೆ ಇಲ್ಲ' ಎಂದು ನಾನು ಬರೆದ ದುಂಡು ಅಕ್ಷರ ನನ್ನ ಕಣ್ಣ ಮುಂದೆ ಬಂತು.

"ಬಿಸಾಕ್ಬೇಡ. ಅವರ ಕೇಸ್ ಶೀಟಿಗೆ ಪಿನ್ ಮಾಡು. ಯಾರ ರಿಪೋರ್ಟು ಅಂತ ಯಾರಾದ್ರೂ ಕೇಳಿದ್ರೆ, ಮುನೆಮ್ಮನದು ಅಂತ ಬರಿ" ಎಂದೆ.